ಕೆಂಪಕ್ಷರ ಬೈಗುಳವಲ್ಲ

ಅರಸೀಕೆರೆ ಕಡೆಯ ಓದುಗರೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಈಗ ಮೊದಲ ವರ್ಷದ ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡಿದ್ದಾಳೆ. ಲೆಕ್ಕದಲ್ಲಿ ಚುರುಕು. ಆದರೆ ಪ್ರಯೋಗಾಲಯದಲ್ಲಿ ಕುಳಿತು ನಾಲ್ಕು ಸಾಲು ಪ್ರೋಗ್ರಾಂ ಬರೆದು ಓಡಿಸಿದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷ್ ವಾಕ್ಯಗಳು ಬರುತ್ತವಂತೆ. ‘ನನಗೆ ಇಂಗ್ಲಿಷ್ ಬರೋದಿಲ್ಲ, ಇದು ನನ್ನಂಥವರಿಗಲ್ಲ, ಬೇರೆ ವಿಷಯ ಕೊಡಿಸಿ ಅಂತ ಹಟ ಹಿಡಿದಿದ್ದಾಳೆ ಸಾರ್, ಏನು ಮಾಡಲಿ?’ ಎಂದು ತಂದೆ ಕೇಳಿದ್ದಾರೆ.

ಬೇರೆ ವಿಷಯ ಕೊಡಿಸುವ ಮುನ್ನ ದಯವಿಟ್ಟು ಈ ವಾರದ ಅಂಕಣವನ್ನು ಅವಳಿಂದಲೇ ಓದಿಸಿ. ಏಕೆಂದರೆ ಆ ಕೆಂಪಕ್ಷರಕ್ಕೂ ಇಂಗ್ಲಿಷ್ ಪಾಂಡಿತ್ಯಕ್ಕೂ ಇರುವ ಸಂಬಂಧ ಬಹಳ ಕಡಿಮೆ. ಅದನ್ನು ಓದುವುದು ಭಾಷೆಯ ಕೆಲಸಕ್ಕಿಂತ ಹೆಚ್ಚಾಗಿ ಅಭ್ಯಾಸದ ಕೆಲಸ.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮೇಷ್ಟರು ದಿನಕ್ಕೆ ಹತ್ತಾರು ಸಲ ಕೇಳುವ ಮಾತು ಒಂದೇ: ‘ಸಾರ್, ಎರರ್ ಬಂತು.’ ‘ಏನಂತೆ ಅದು?’ ಎಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಅದು ಏನೋ ಹೇಳುತ್ತಿದೆ ಎಂಬುದೇ ಅವರಿಗೆ ಹೊಳೆದಿರುವುದಿಲ್ಲ. ಬೈಯುತ್ತಿದೆ ಎಂದಷ್ಟೇ ಗೊತ್ತು. ಆದ್ದರಿಂದ ಬರೆದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯುತ್ತಾರೆ. ತಪ್ಪಿದ್ದದ್ದು ಒಂದು ಚುಕ್ಕೆಯಲ್ಲಿ. ಅಳಿಸಿದ್ದು ಇಪ್ಪತ್ತು ಸಾಲು.

ಯಂತ್ರ ಏಕೆ ಮಾತನಾಡುತ್ತದೆ ಎಂಬುದನ್ನು ಮೊದಲು ನೋಡೋಣ. ನಾವು ಮನುಷ್ಯರು ಅರ್ಧ ಹೇಳಿದರೂ ಅರ್ಥ ಮಾಡಿಕೊಳ್ಳುತ್ತೇವೆ. ‘ಅಂಗಡಿಗೆ ಹೋಗಿ ಒಂದು ಕೆಜಿ ತಗೊಂಡು ಬಾ’ ಎಂದು ಅಜ್ಜಿ ಹೇಳಿದರೆ, ಮೊಮ್ಮಗ ‘ಸಕ್ಕರೆ ತಾನೆ ಅಜ್ಜಿ?’ ಎಂದು ಊಹಿಸುತ್ತಾನೆ. ಗಣಕಯಂತ್ರ ಊಹಿಸುವುದಿಲ್ಲ. ಊಹಿಸಿದರೆ ಅಪಾಯವೆಂದು ಅದನ್ನು ರೂಪಿಸಿದವರಿಗೆ ಗೊತ್ತು. ಹಾಗಾಗಿ ಅನುಮಾನ ಬಂದ ಕಡೆ ನಿಂತು, ‘ಇಲ್ಲಿ ನನಗೆ ತಿಳಿಯಲಿಲ್ಲ’ ಎಂದು ಹೇಳುತ್ತದೆ. ಅದೇ ಎರರ್ ಸಂದೇಶ.

ತಪ್ಪುಗಳಲ್ಲಿ ಮೂರು ಬಗೆ. ಮೊದಲನೆಯದು ವ್ಯಾಕರಣದ ತಪ್ಪು. ‘ಚಮಚ ಹಾಕು ಎರಡು ಗೆ ಲೋಟ ಸಕ್ಕರೆ’ ಎಂದರೆ ಅದು ವಾಕ್ಯವೇ ಅಲ್ಲ. ಯಂತ್ರ ಕೆಲಸ ಶುರು ಮಾಡುವ ಮೊದಲೇ ನಿಲ್ಲುತ್ತದೆ. ಎರಡನೆಯದು ಕೆಲಸ ನಡೆಯುವಾಗ ಎದುರಾಗುವ ತೊಡಕು. ‘ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕು’ ಎಂಬ ವಾಕ್ಯ ಸರಿಯಾಗಿಯೇ ಇದೆ. ಆದರೆ ಡಬ್ಬ ತೆರೆದರೆ ಸಕ್ಕರೆ ಇಲ್ಲ. ಮೂರನೆಯದು ಅರ್ಥದ ತಪ್ಪು. ಸಕ್ಕರೆ ಎನ್ನುವ ಬದಲು ಉಪ್ಪು ಎಂದು ಬರೆದಿದ್ದೀರಿ. ವಾಕ್ಯ ಸರಿ, ಡಬ್ಬದಲ್ಲಿ ಉಪ್ಪೂ ಇದೆ. ಯಂತ್ರ ತುಟಿಪಿಟಕ್ಕೆನ್ನದೆ ಕಾಫಿಗೆ ಉಪ್ಪು ಹಾಕಿ ಕೊಡುತ್ತದೆ. ಮೊದಲ ಎರಡಕ್ಕೆ ಸಂದೇಶ ಬರುತ್ತದೆ, ಮೂರನೆಯದಕ್ಕೆ ಬರುವುದಿಲ್ಲ. ಹಾಗೆ ನೋಡಿದರೆ ಹೆದರಬೇಕಾದದ್ದು ಮೂರನೆಯದಕ್ಕೆ.

ಈಗ ಬಹಳ ಕಡೆ ಕಲಿಸುತ್ತಿರುವ ಭಾಷೆ ಪೈಥಾನ್. ಡಚ್ ಪ್ರೋಗ್ರಾಮರ್ ಗೀಡೊ ವಾನ್ ರೋಸಮ್ ಅದನ್ನು 1991ರಲ್ಲಿ ಹೊರತಂದರು. ಹೆಸರು ಹೆಬ್ಬಾವಿನದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು. ಪೈಥಾನ್ ಕೊಡುವ ಸಂದೇಶವನ್ನು ಓದಲು ಒಂದು ಸೂತ್ರವಿದೆ: ಕೆಳಗಿನಿಂದ ಮೇಲಕ್ಕೆ ಓದಬೇಕು. ಕೊನೆಯ ಸಾಲೇ ಮುಖ್ಯ. ಅದರಲ್ಲಿ ಕೋಲನ್ ಚಿಹ್ನೆಯ ಎಡಕ್ಕೆ ತಪ್ಪಿನ ಜಾತಿ, ಬಲಕ್ಕೆ ಕಾರಣ. ಅದರ ಮೇಲಿನ ಸಾಲುಗಳಲ್ಲಿ, ಎಷ್ಟನೆಯ ಸಾಲಿನಲ್ಲಿ ಹೀಗಾಯಿತು ಎಂಬ ವಿಳಾಸ. ಅಷ್ಟೇ.

ಆ ವಿಳಾಸ ಕೆಲವೊಮ್ಮೆ ಉದ್ದವಾಗಿರುತ್ತದೆ. ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎನ್ನಿ. ನಲ್ಲಿಗೆ ನೀರು ಬರುವುದು ಮೇಲಿನ ತೊಟ್ಟಿಯಿಂದ, ತೊಟ್ಟಿಗೆ ಪಂಪಿನಿಂದ, ಪಂಪಿಗೆ ಸಂಪಿನಿಂದ. ಸಂಪು ಬತ್ತಿದೆ. ಪೈಥಾನ್ ಈ ಇಡೀ ಸರಪಳಿಯನ್ನು ಬರೆದು ತೋರಿಸುತ್ತದೆ: ನಲ್ಲಿ ತೊಟ್ಟಿಯನ್ನು ಕೇಳಿತು, ತೊಟ್ಟಿ ಪಂಪನ್ನು ಕೇಳಿತು, ಪಂಪು ಸಂಪನ್ನು ಕೇಳಿತು, ಅಲ್ಲಿ ನೀರಿಲ್ಲ. ಇದಕ್ಕೆ ಟ್ರೇಸ್‌ಬ್ಯಾಕ್ ಎಂದು ಹೆಸರು, ಅಂದರೆ ಹೆಜ್ಜೆಗುರುತು ಹಿಡಿದು ಹಿಂದಕ್ಕೆ ಹೋಗುವುದು. ಹತ್ತು ಸಾಲು ಕಂಡಿತೆಂದು ಹತ್ತು ತಪ್ಪಾಗಿದೆ ಎಂದು ಭಾವಿಸಬಾರದು. ತಪ್ಪು ಒಂದೇ, ದಾರಿ ಉದ್ದ.

ಇನ್ನು ತಪ್ಪಿನ ಜಾತಿಗಳು. ಕಲಿಯುವವರಿಗೆ ಎದುರಾಗುವವು ಏಳೆಂಟು ಮಾತ್ರ.

ಸಿಂಟ್ಯಾಕ್ಸ್ ಎರರ್ ಎಂದರೆ ವ್ಯಾಕರಣದ ತಪ್ಪು. ಆವರಣ ಚಿಹ್ನೆ ಮುಚ್ಚದಿರುವುದು, ಉದ್ಧರಣ ಚಿಹ್ನೆ ಮರೆತಿರುವುದು ಇತ್ಯಾದಿ. ಇಂಡೆಂಟೇಷನ್ ಎರರ್ ಇದರ ತಮ್ಮ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ, ಅದು ಹೆಚ್ಚುಕಡಿಮೆಯಾದರೆ ಇದು ಬರುತ್ತದೆ.

ನೇಮ್ ಎರರ್ ಎಂದರೆ, ‘ಈ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ’. ಹೆಚ್ಚಿನ ಸಲ ಇದು ಕಾಗುಣಿತದ ತಪ್ಪು. ಮೇಲೆ ‘ಟೋಟಲ್’ ಎಂದು ಹೆಸರಿಟ್ಟು ಕೆಳಗೆ ಒಂದು ಅಕ್ಷರ ನುಂಗಿ ಬರೆದರೆ ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ. ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ಅಷ್ಟೇ. 2021ರಲ್ಲಿ ಬಂದ ಪೈಥಾನ್ 3.10ರಿಂದ ಈಚೆಗೆ ಅದು ‘ನೀವು ಹೇಳಲು ಹೊರಟಿದ್ದು ಟೋಟಲ್ ಎಂದೇ?’ ಎಂದು ವಿಚಾರಿಸುವಷ್ಟು ಮರ್ಯಾದಸ್ಥನಾಗಿದೆ. ಅಂದ ಹಾಗೆ, ಹೆಸರನ್ನು ಕನ್ನಡದಲ್ಲೇ ಇಡಬಹುದು. 2008ರ ಪೈಥಾನ್ 3.0ರಿಂದ ‘ಮೊತ್ತ’, ‘ಅಂಕ’ ಎಂಬ ಹೆಸರುಗಳೂ ನಡೆಯುತ್ತವೆ.

ಟೈಪ್ ಎರರ್ ಎಂದರೆ ಜಾತಿ ಹೊಂದದ ಎರಡನ್ನು ಕೂಡಿಸಹೊರಟದ್ದು. ಕೀಲಿಮಣೆಯಿಂದ ಬಂದದ್ದೆಲ್ಲ ಪೈಥಾನಿಗೆ ಮೊದಲು ಬರಿಯ ಅಕ್ಷರಗಳ ಸಾಲು. ನೀವು ವಯಸ್ಸು 15 ಎಂದು ಒತ್ತಿದರೂ ಅದು ಸಂಖ್ಯೆಯಲ್ಲ. ಬಸ್ಸಿನ ನಂಬರ್ ಪ್ಲೇಟಿನಲ್ಲೂ ಅಂಕಿಗಳಿವೆ, ಆದರೆ ಎರಡು ಬಸ್ಸಿನ ನಂಬರನ್ನು ಯಾರಾದರೂ ಕೂಡುತ್ತಾರೆಯೇ? ಹಾಗೆಯೇ ಇದು. ಆ ಅಕ್ಷರಗಳನ್ನು ಮೊದಲು ಸಂಖ್ಯೆಯಾಗಿ ಬದಲಿಸಿ, ಆಮೇಲೆ 1 ಕೂಡಿಸಬೇಕು.

ಹಾಗೆ ಬದಲಿಸಲು ಹೋದಾಗ ಬರುವುದು ವ್ಯಾಲ್ಯೂ ಎರರ್. 15ರ ಬದಲು ‘ಹದಿನೈದು’ ಎಂದು ಅಕ್ಷರದಲ್ಲಿ ಬರೆದರೆ ಪೈಥಾನ್ ಅದನ್ನು ಸಂಖ್ಯೆ ಮಾಡಲಾರದು. ಆದರೆ ಕನ್ನಡ ಅಂಕಿಯಲ್ಲಿ ‘೧೫’ ಎಂದು ಕೊಟ್ಟರೆ ಸಲೀಸಾಗಿ ಹದಿನೈದು ಎಂದೇ ತೆಗೆದುಕೊಳ್ಳುತ್ತದೆ! ಕೀಲಿಮಣೆಯಿಂದ ಕೊಡುವಾಗ ಮಾತ್ರ ಈ ಸೌಲಭ್ಯ. ಪ್ರೋಗ್ರಾಮಿನ ಸಾಲುಗಳಲ್ಲೇ ಕನ್ನಡ ಅಂಕಿ ಬರೆದರೆ ಅದು ಒಪ್ಪುವುದಿಲ್ಲ.

ಇಂಡೆಕ್ಸ್ ಎರರ್ ಎಂದರೆ ಪಟ್ಟಿಯ ಆಚೆಗೆ ಕೈ ಚಾಚಿದ್ದು. ಪೈಥಾನ್ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ. ಐದು ಅಂಕಗಳ ಪಟ್ಟಿಯಲ್ಲಿ ಸ್ಥಾನಗಳು 0ಯಿಂದ 4ರವರೆಗೆ. 5ನೆಯ ಸ್ಥಾನ ಕೇಳಿದರೆ ಅಲ್ಲಿ ಯಾರೂ ಇಲ್ಲ. ಜೀರೋ ಡಿವಿಷನ್ ಎರರ್ ಎಂಬುದನ್ನು ವಿವರಿಸಬೇಕಾಗಿಲ್ಲ. ಸೊನ್ನೆಯಿಂದ ಭಾಗಿಸಬಾರದೆಂದು ಹೈಸ್ಕೂಲಿನಲ್ಲೇ ಹೇಳಿದ್ದೇವೆ. ಪರೀಕ್ಷೆಗೆ ಒಬ್ಬರೂ ಬಾರದ ದಿನ ಸರಾಸರಿ ತೆಗೆಯಲು ಹೊರಟರೆ ಇದು ಬರುತ್ತದೆ.

ಈಗ ಹೇಳಿ, ಇದರಲ್ಲಿ ಇಂಗ್ಲಿಷ್ ಎಷ್ಟಿದೆ? ಸಂದೇಶಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಮೂವತ್ತು ನಲವತ್ತು ಮೀರುವುದಿಲ್ಲ: ಇನ್‌ವ್ಯಾಲಿಡ್, ಎಕ್ಸ್‌ಪೆಕ್ಟೆಡ್, ಮಿಸ್ಸಿಂಗ್, ಡಿಫೈನ್ಡ್, ರೇಂಜ್, ಹೀಗೆ. ಅವುಗಳಲ್ಲಿ ಹಲವಕ್ಕೆ ನಿಘಂಟಿನ ಅರ್ಥ ಹೊಂದುವುದೇ ಇಲ್ಲ. ಆರ್ಗ್ಯುಮೆಂಟ್ ಎಂದರೆ ಇಲ್ಲಿ ಜಗಳವಲ್ಲ, ಫಂಕ್ಷನ್ನಿಗೆ ನಾವು ಕೈಗಿಡುವ ಸಾಮಗ್ರಿ. ಸ್ಟ್ರಿಂಗ್ ಎಂದರೆ ದಾರವಲ್ಲ, ಅಕ್ಷರಗಳ ಸಾಲು. ಎಲ್‌ಕೆಜಿಯಿಂದ ಕಾನ್ವೆಂಟಿನಲ್ಲಿ ಓದಿದ ಹುಡುಗನೂ ಇವನ್ನು ಹೊಸದಾಗಿಯೇ ಕಲಿಯಬೇಕು. ಆ ಸಾಲಿನಲ್ಲಿ ಅರಸೀಕೆರೆಯ ಹುಡುಗಿ ಅವನ ಹಿಂದೆ ನಿಂತಿಲ್ಲ, ಪಕ್ಕದಲ್ಲೇ ನಿಂತಿದ್ದಾಳೆ.

ಒಂದು ಮಾತನ್ನು ಮುಚ್ಚಿಡಬಾರದು. ಯಂತ್ರ ತೋರಿಸುವ ಜಾಗ ಯಾವಾಗಲೂ ತಪ್ಪಿನ ಜಾಗವಲ್ಲ. ಅದು ತೋರಿಸುವುದು ತನಗೆ ತಿಳಿಯದೆ ಹೋದ ಜಾಗವನ್ನು. ನಿದ್ದೆ ಹೋಗಿ ಇಳಿಯಬೇಕಾದ ಊರು ತಪ್ಪಿದವನಿಗೆ ಗೊತ್ತಾಗುವುದು ಮುಂದಿನ ಊರಿನ ಬೋರ್ಡು ಕಂಡಾಗ. ಹಾಗೆಯೇ ಸಿ ಭಾಷೆಯಲ್ಲಿ ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟರೆ ಎಷ್ಟೋ ಸಲ ಮುಂದಿನ ಸಾಲಿನತ್ತ ಬೊಟ್ಟು ಮಾಡುತ್ತದೆ. ತೋರಿಸಿದ ಸಾಲು ಸರಿಯಾಗಿದ್ದರೆ ಅದರ ಹಿಂದಿನ ಸಾಲು ನೋಡಿ. ಸಿ ಭಾಷೆಯಲ್ಲಿ ಇನ್ನೊಂದು ಗೋಳು, ಒಂದೇ ತಪ್ಪಿಗೆ ಇಪ್ಪತ್ತು ಸಂದೇಶ. ಅಂಗಿಯ ಮೊದಲ ಗುಂಡಿ ತಪ್ಪಿದರೆ ಉಳಿದ ಗುಂಡಿಗಳೆಲ್ಲ ತಪ್ಪುತ್ತವಲ್ಲ, ಹಾಗೆ. ಅಲ್ಲಿ ಮೊದಲ ಸಂದೇಶವನ್ನು ಸರಿಪಡಿಸಿ ಮತ್ತೆ ಓಡಿಸಬೇಕು. ಉಳಿದವು ಬಹುಪಾಲು ತಾವೇ ಹೋಗುತ್ತವೆ.

ಇನ್ನು ವಾರ್ನಿಂಗ್, ಅಂದರೆ ಎಚ್ಚರಿಕೆ. ಎರರ್ ಬಂದರೆ ಕೆಲಸ ನಿಲ್ಲುತ್ತದೆ. ಎಚ್ಚರಿಕೆ ಬಂದರೆ ನಿಲ್ಲುವುದಿಲ್ಲ. ‘ನೀವು ಹೇಳಿದಂತೆ ಮಾಡುತ್ತೇನೆ, ಆದರೆ ನೀವು ನಿಜವಾಗಿ ಹೇಳಬೇಕೆಂದದ್ದು ಇದನ್ನೇ ಏನು?’ ಎಂದು ಕೇಳುತ್ತದೆ. ಸಿ ಭಾಷೆಯಲ್ಲಿ = ಎಂದರೆ ‘ಈ ಬೆಲೆಯನ್ನು ಅಲ್ಲಿ ಇಡು’, == ಎಂದರೆ ‘ಎರಡೂ ಸಮವೇ?’. ಸಮವೇ ಎಂದು ಪರೀಕ್ಷಿಸುವ ಕಡೆ ಒಂದೇ ಗೀಟುಜೋಡಿ ಬರೆದರೂ ವ್ಯಾಕರಣ ಸರಿಯೇ. ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ಹಾಳು. ಒಳ್ಳೆಯ ಕಂಪೈಲರ್ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಇನ್ನೊಂದು ಬಗೆಯ ಎಚ್ಚರಿಕೆ, ‘ಈ ಸೌಕರ್ಯ ಮುಂದೆ ಇರುವುದಿಲ್ಲ, ಬದಲಿ ನೋಡಿಕೊಳ್ಳಿ’ ಎನ್ನುವುದು. ಪೈಥಾನಿನ ಡಿಸ್ಟ್‌ಯುಟಿಲ್ಸ್ ಎಂಬ ಭಾಗದ ಬಗ್ಗೆ 2021ರಲ್ಲಿ ಹೀಗೆ ಡಂಗುರ ಹೊಡೆಸಿ, 2023ರ ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು. ಡಂಗುರ ಕೇಳಿಸಿಕೊಂಡವರು ಮೊದಲೇ ಮನೆ ಬದಲಿಸಿದ್ದರು.

ಈ ಸಂದೇಶಗಳನ್ನು ಓದುವುದು, ಓದದಿರುವುದು ಬರಿಯ ಪ್ರಾಕ್ಟಿಕಲ್ ಅಂಕದ ಮಾತಲ್ಲ. ಮೂರು ಪ್ರಸಂಗ ಹೇಳುತ್ತೇನೆ.

1969ರ ಜುಲೈ 20. ಅಪೊಲೊ 11ರ ಇಳಿಗೂಡು ಚಂದ್ರನತ್ತ ಇಳಿಯುತ್ತಿದೆ. ಮೇಲ್ಮೈ ಇನ್ನು ಕೆಲವೇ ನಿಮಿಷಗಳ ದೂರ. ಆಗ ಅದರ ಕಂಪ್ಯೂಟರಿನಲ್ಲಿ ‘1202’ ಎಂಬ ಎಚ್ಚರಿಕೆ ಮಿನುಗಿತು. ಕೆಲಸ ಮಿತಿಮೀರಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾಡುತ್ತಿದ್ದೇನೆ ಎಂಬುದು ಅದರ ಅರ್ಥ. ಹಿಂತಿರುಗಬೇಕೆ, ಇಳಿಯಬೇಕೆ? ಹ್ಯೂಸ್ಟನ್ನಿನಲ್ಲಿ ಜ್ಯಾಕ್ ಗಾರ್ಮನ್ ಎಂಬ 24 ವರ್ಷದ ತರುಣ ಎಂಜಿನಿಯರ್ ಇಂಥ ಎಚ್ಚರಿಕೆಗಳಲ್ಲಿ ಯಾವುದಕ್ಕೆ ಏನು ಮಾಡಬೇಕೆಂದು ಮೊದಲೇ ಕೈಬರಹದ ಪಟ್ಟಿ ಮಾಡಿಟ್ಟುಕೊಂಡಿದ್ದ. ಪದೇ ಪದೇ ಬಾರದಿದ್ದರೆ ಮುಂದುವರಿಯಬಹುದು ಎಂದ. ಅವನ ಮಾತಿನ ಮೇಲೆ ಸ್ಟೀವ್ ಬೇಲ್ಸ್ ಹಸಿರು ನಿಶಾನೆ ತೋರಿಸಿದ. ಮನುಷ್ಯ ಚಂದ್ರನ ಮೇಲೆ ಇಳಿದ.

ಎರಡನೆಯದು 1996ರ ಜೂನ್ 4. ಯೂರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ, ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ. ಹಳೆಯ ಏರಿಯಾನ್ 4ರ ಪ್ರೋಗ್ರಾಂ ಒಂದನ್ನು ಇದರಲ್ಲೂ ಇಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಹೆಚ್ಚು. ಅದಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 32,767ಕ್ಕಿಂತ ದೊಡ್ಡದು ಹಿಡಿಸದ ಜಾಗದಲ್ಲಿ ಇಡಹೋದಾಗ ಎರರ್ ಆಯಿತು. ದಿಕ್ಕು ಅಳೆಯುವ ಘಟಕ ಕೆಲಸ ನಿಲ್ಲಿಸಿ, ತನ್ನ ದೋಷದ ವಿವರವನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಅದರ ಜೋಡಿ ಘಟಕವೂ ಅದೇ ಪ್ರೋಗ್ರಾಮಿನದು, ಅದೂ ಅದೇ ಕಾರಣಕ್ಕೆ ಆಗಲೇ ನಿಂತಿತ್ತು. ಮುಖ್ಯ ಕಂಪ್ಯೂಟರ್ ಆ ದೋಷವರದಿಯನ್ನೇ ಹಾರಾಟದ ಅಳತೆ ಎಂದು ತಿಳಿದು ರಾಕೆಟ್ಟನ್ನು ಓರೆಯಾಗಿ ತಿರುಗಿಸಿತು. ಹೊರಟ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ಚೂರಾಯಿತು. ಸಂದೇಶ ಹೊರಟಿತ್ತು, ಓದಬಲ್ಲವರ ಕೈಗೆ ತಲುಪಲಿಲ್ಲ.

ಮೂರನೆಯದು ಇನ್ನೂ ಪಾಠ ಕಲಿಸುವಂಥದು. ಡೆಬಿಯನ್ ಎಂಬ ಉಚಿತ ಕಾರ್ಯವ್ಯವಸ್ಥೆಯಲ್ಲಿ ರಹಸ್ಯ ಕೀಲಿಗಳನ್ನು ತಯಾರಿಸುವ ಓಪನ್ ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂ ಇದೆ. ಅದನ್ನು ತಪಾಸಣೆ ಮಾಡುವ ಉಪಕರಣಗಳು ಎರಡು ಸಾಲುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದವು. 2006ರಲ್ಲಿ ಆ ಎಚ್ಚರಿಕೆ ಬಾರದಿರಲೆಂದು ಆ ಎರಡೂ ಸಾಲುಗಳನ್ನು ಕೆಲಸ ಮಾಡದಂತೆ ಮಾಡಿದರು. ಎಚ್ಚರಿಕೆ ನಿಂತಿತು. ಆದರೆ ಕೀಲಿಗೆ ಬೇಕಾದ ಯಾದೃಚ್ಛಿಕತೆಯನ್ನು ಬೆರೆಸುತ್ತಿದ್ದ ಸಾಲೂ ಅವುಗಳಲ್ಲೇ ಇತ್ತು. ಉಳಿದದ್ದು ಪ್ರತಿ ಕೆಲಸಕ್ಕೆ ಯಂತ್ರ ಕೊಡುವ ಕ್ರಮಸಂಖ್ಯೆ ಮಾತ್ರ, ಅದರಲ್ಲಿ ಸಾಮಾನ್ಯವಾಗಿ 32,768 ಸಾಧ್ಯತೆಗಳಷ್ಟೇ. ಬೀಗದ ಕಾರ್ಖಾನೆಯೊಂದು ಊರಿಗೆಲ್ಲ ಬೀಗ ಮಾರಿ, ಅಷ್ಟೇ ನಮೂನೆಯ ಕೀಲಿಗಳನ್ನು ಮಾತ್ರ ಮಾಡಿದಂತೆ. ಕಂಪ್ಯೂಟರಿಗೆ ಅವೆಲ್ಲವನ್ನೂ ಒಂದೊಂದಾಗಿ ಹಾಕಿ ನೋಡುವುದು ದೊಡ್ಡ ಕೆಲಸವೇ ಅಲ್ಲ. 2008ರ ಮೇ ತಿಂಗಳಲ್ಲಿ ಇದು ಬಯಲಾಗುವವರೆಗೆ ಸುಮಾರು ಎರಡು ವರ್ಷ ಇದೇ ಸ್ಥಿತಿ. ಅಷ್ಟರಲ್ಲಿ ತಯಾರಾಗಿದ್ದ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು. ಎಚ್ಚರಿಕೆಯನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಅದರ ಬಾಯಿ ಮುಚ್ಚಿಸುವುದು ಬೇರೆ.

ಈ ಎರಡು ಪ್ರಸಂಗಗಳಲ್ಲಿ 32,767 ಮತ್ತು 32,768 ಎಂಬ ಅಕ್ಕಪಕ್ಕದ ಸಂಖ್ಯೆಗಳು ಬಂದದ್ದನ್ನು ಗಮನಿಸಿದಿರಾ? 2ನ್ನು ಹದಿನೈದು ಸಲ ಗುಣಿಸಿ ನೋಡಿ, ಗುಟ್ಟು ತಿಳಿಯುತ್ತದೆ.

ಇನ್ನು ತಂದೆಯವರಿಗೆ ನನ್ನ ಸಲಹೆ. ಮಗಳಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ. ಅದು ತಪ್ಪಿನ ಪುಸ್ತಕ. ಸಂದೇಶ ಬಂದಾಗಲೆಲ್ಲ ಅದರ ಕೊನೆಯ ಸಾಲನ್ನು ಅವಳು ಇದ್ದಂತೆಯೇ ಬರೆದುಕೊಳ್ಳಲಿ. ಅದರ ಕೆಳಗೆ ಕನ್ನಡದಲ್ಲಿ ಎರಡೇ ಮಾತು: ಏನಾಗಿತ್ತು, ಹೇಗೆ ಸರಿ ಮಾಡಿದೆ. ದಿನ ಕಳೆದಂತೆ ಹಳೆಯ ಪುಟಗಳೇ ಮತ್ತೆ ಮತ್ತೆ ಉತ್ತರ ಕೊಡತೊಡಗುತ್ತವೆ. ಗಾರ್ಮನ್ ಮಾಡಿಕೊಂಡಿದ್ದೂ ಇಂಥದೇ ಒಂದು ಪಟ್ಟಿಯನ್ನು. ನಿಮಗೆ ಕಂಪ್ಯೂಟರ್ ಬಾರದಿದ್ದರೂ ಪರವಾಗಿಲ್ಲ. ಸಂಜೆ ಪಕ್ಕದಲ್ಲಿ ಕುಳಿತು ‘ಇವತ್ತು ಅದು ಏನಂತಮ್ಮಾ?’ ಎಂದು ಕೇಳಿ. ನಿಮಗೆ ಅರ್ಥವಾಗುವಂತೆ ಹೇಳಲು ಹೊರಟಾಗ ಅವಳಿಗೇ ಅರ್ಥವಾಗಿರುತ್ತದೆ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ನಾವೂ ಕೆಂಪು ಶಾಯಿ ಬಳಸುವವರೇ. ಉತ್ತರಪತ್ರಿಕೆಯ ಮೇಲೆ ಅಡ್ಡಗೀಟು ಎಳೆದು ‘ತಪ್ಪು’ ಎಂದು ಬರೆದರೆ ಹುಡುಗನಿಗೆ ತಿಳಿಯುವುದು ಅಂಕ ಹೋಯಿತು ಎಂಬುದು ಮಾತ್ರ. ಯಂತ್ರ ಹಾಗೆ ಮಾಡುವುದಿಲ್ಲ. ಎಷ್ಟನೆಯ ಸಾಲು, ಯಾವ ಬಗೆಯ ತಪ್ಪು, ಏನು ಕಾರಣ ಎಂದು ಮೂರನ್ನೂ ಹೇಳುತ್ತದೆ. ಒಂದೇ ತಪ್ಪನ್ನು ನೂರು ಸಲ ಮಾಡಿದರೂ ನೂರನೆಯ ಸಲವೂ ಅದೇ ಶಾಂತಸ್ವರದಲ್ಲಿ ಹೇಳುತ್ತದೆ. ಅರವತ್ತು ಮಕ್ಕಳ ಪತ್ರಿಕೆ ತಿದ್ದುವಾಗ ಮೂರನ್ನೂ ಬರೆಯುವುದು ಕಷ್ಟ, ನನಗೂ ಗೊತ್ತು. ಯಾವ ಸಾಲಿನಲ್ಲಿ ಎಡವಿದ ಎಂಬುದಕ್ಕೆ ಒಂದು ಗುರುತಾದರೂ ಹಾಕಬಹುದು.

ವಿದ್ಯಾರ್ಥಿಗಳಿಗೆ ಈ ವಾರ ಒಂದು ಕೆಲಸ. ಸರಿಯಾಗಿ ಓಡುವ ಐದಾರು ಸಾಲಿನ ಪ್ರೋಗ್ರಾಂ ಒಂದನ್ನು ತೆಗೆದುಕೊಳ್ಳಿ. ಬೇಕೆಂದೇ ಅದನ್ನು ಒಂದೊಂದು ಸಲ ಒಂದೊಂದು ರೀತಿ ಕೆಡಿಸಿ: ಒಮ್ಮೆ ಆವರಣ ಚಿಹ್ನೆ ತೆಗೆಯಿರಿ, ಒಮ್ಮೆ ಹೆಸರಿನ ಅಕ್ಷರ ತಪ್ಪಿಸಿ, ಒಮ್ಮೆ ಸೊನ್ನೆಯಿಂದ ಭಾಗಿಸಿ. ಓಡಿಸುವ ಮೊದಲು ಯಾವ ಸಂದೇಶ ಬರಬಹುದೆಂದು ಪುಸ್ತಕದಲ್ಲಿ ಬರೆದಿಡಿ, ಆಮೇಲೆ ಪರದೆ ನೋಡಿ. ಕೊನೆಗೆ, ಯಾವ ಸಂದೇಶವೂ ಬಾರದೆ ಉತ್ತರ ಮಾತ್ರ ತಪ್ಪಾಗುವಂತೆ ಒಮ್ಮೆ ಕೆಡಿಸಿ ನೋಡಿ. ಕಾಫಿಗೆ ಉಪ್ಪು ಬೀಳುವುದು ಹೇಗೆಂದು ಅಲ್ಲಿ ಗೊತ್ತಾಗುತ್ತದೆ. ಆ ಬಗೆಯ ತಪ್ಪನ್ನು ಹಿಡಿಯುವ ಉಪಾಯ ಒಂದೇ, ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕವೊಂದನ್ನು ಕೊಟ್ಟು ಪರೀಕ್ಷಿಸುವುದು.